ಕಾಫಿಗೆ ನಾಲ್ಕು ಕಾಳು ಮೆಣಸು

ವರ್ಷಕ್ಕೊಮ್ಮೆ ಈ ಸಂಚಿಕೆಗಾಗಿ ನನ್ನಿಂದ ಒಂದು ಲೇಖನವನ್ನು ಬರೆಯಿಸಿಕೊಳ್ಳುವುದು ಸಂಪಾದಕ ಮಿತ್ರರ ರೂಢಿ. ಕಳೆದ ಸಲ ಹಳಗನ್ನಡದ ಛಂದಸ್ಸನ್ನು ಕುರಿತು ಬರೆದುಕೊಟ್ಟಿದ್ದೆ. ಕರಡು ತಿದ್ದಿದವರ ಹೊರತು ಮತ್ತಾರೂ ಅದನ್ನು ಓದಲಿಲ್ಲವೆಂದು ವಿಶ್ವಸನೀಯ ಮೂಲಗಳಿಂದ ತಿಳಿದುಬಂದಿದೆ. ಆದಕಾರಣ ಈ ಬಾರಿ ಶಾಸ್ತ್ರವನ್ನು ಕಪಾಟಿನಲ್ಲಿಟ್ಟು, ಅಡಿಗೆಮನೆಯ ಒಂದು ವಿಷಯವನ್ನು ಕೈಗೆತ್ತಿಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಕಾಫಿಗೆ ಕರಿಮೆಣಸು ಹಾಕುತ್ತಾರೆ. ಇದು ಈ ಊರಿನಲ್ಲಿ ಅನೇಕರಿಗೆ ಗೊತ್ತು. ಗೊತ್ತಿಲ್ಲದೆ ಬಂದು ಕುಡಿದವರಿಗೆ ಇನ್ನೂ ಚೆನ್ನಾಗಿ ಗೊತ್ತು.

ನೋಟು ಪುಸ್ತಕಗಳನ್ನು ಹೊತ್ತುಕೊಂಡು ಮನೆಗೆ ಬಂದ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಒಂದು ಗುಟುಕು ಕುಡಿದು, ಕಣ್ಣಂಚಿನಲ್ಲಿ ನೀರು ತಂದುಕೊಂಡು, “ಸಾರ್, ಇದು ಕಾಫಿಯೋ ಕಷಾಯವೋ?” ಎಂದು ಕೇಳಿದ. ಪ್ರಶ್ನೆ ಅವನು ತಿಳಿದುಕೊಂಡದ್ದಕ್ಕಿಂತ ಆಳವಾದದ್ದು. ‘ಕಷಾಯ’ವೆಂದರೆ ಕುದಿಸಿ ಬತ್ತಿಸಿದ ರಸ ಎಂಬುದು ಒಂದು ಅರ್ಥ, ಷಡ್ರಸಗಳಲ್ಲಿ ಕೊನೆಯದಾದ ಒಗರು ಎಂಬುದು ಇನ್ನೊಂದು. ಕಾಫಿ ಎರಡು ಅರ್ಥದಲ್ಲಿಯೂ ಕಷಾಯವೇ ಸರಿ. ಅದರ ಕಹಿ ತಿಕ್ತ, ಒಗರು ಕಷಾಯ, ಬೆಲ್ಲ ಮಧುರ. ಮೆಣಸು ಬಿದ್ದೊಡನೆ ಕಟುವೂ ಬಂದು ಸೇರುತ್ತದೆ. ಆರು ರಸಗಳಲ್ಲಿ ನಾಲ್ಕು ಒಂದು ಲೋಟದಲ್ಲಿ! ಹುಳಿ ಉಪ್ಪುಗಳನ್ನೂ ಸೇರಿಸಿದರೆ ಅದು ಸಾರಾಗುತ್ತದೆಂದು ಅವನಿಗೆ ಹೇಳಿದೆ. ಹುಡುಗ ನಕ್ಕ, ಲೋಟವನ್ನು ಮಾತ್ರ ಖಾಲಿ ಮಾಡಲಿಲ್ಲ.

ನಾನು ಹುಟ್ಟಿದ್ದು ಸೊರಬದ ಕಡೆಯ ಒಂದು ಹಳ್ಳಿಯಲ್ಲಿ. ಸೊರಬ ಮತ್ತು ಶಿಕಾರಿಪುರ ಒಂದೇ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಾದರೂ ಇವೆರಡರ ಮಣ್ಣು ಬೇರೆ, ಬಾಯಿರುಚಿ ಬೇರೆ. ಸೊರಬದಿಂದ ಪಶ್ಚಿಮಕ್ಕೆ ಹೋದಷ್ಟೂ ಅಡಿಕೆಯ ತೋಟಗಳು ದಟ್ಟವಾಗುತ್ತವೆ. ಅಡಿಕೆಯ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುವುದು ಅಲ್ಲಿ ಸಹಜ ದೃಶ್ಯ. ಶಿಕಾರಿಪುರದಿಂದ ಪೂರ್ವಕ್ಕೆ ನಡೆದರೆ ಬಯಲುಸೀಮೆಯ ಗಾಳಿ ಬೀಸತೊಡಗುತ್ತದೆ. ಕೆರೆಯ ಕೆಳಗೆ ಬತ್ತ, ಮೇಲಿನ ಹೊಲದಲ್ಲಿ ಜೋಳ. ಈಚಿನ ದಶಕಗಳಲ್ಲಿ ಕೊಳವೆಬಾವಿಗಳ ಬಲದಿಂದ ಅಡಿಕೆ ಇಲ್ಲಿಗೂ ಬಂದಿದೆ. ಆದರೆ ನನ್ನ ಬಾಲ್ಯದಲ್ಲಿ, ಅಂದರೆ 1970ರ ದಶಕದ ಕೊನೆಯಲ್ಲಿ, ಶಿಕಾರಿಪುರದ ನಂಟರಿಗೆ ಮೆಣಸು ಅಂಗಡಿಯಿಂದ ಪೊಟ್ಟಣದಲ್ಲಿ ಬರುವ ಪದಾರ್ಥ. ನಮಗೆ ಅದು ಹಿತ್ತಲಿನ ತೋಟದಿಂದ ಬುಟ್ಟಿಯಲ್ಲಿ ಬರುವ ಪದಾರ್ಥ.

ಹಾಗೆಂದು ನಾವು ಮೆಣಸನ್ನು ಧಾರಾಳವಾಗಿ ತಿನ್ನುತ್ತಿದ್ದೆವೆಂದು ವಾಚಕರು ಭಾವಿಸಬಾರದು. ಮೆಣಸು ಹಣ. ಮಳೆ ಬಿದ್ದೊಡನೆ ಬಳ್ಳಿ ಹೂಬಿಟ್ಟು, ಚಳಿಗಾಲ ಕಳೆಯುವ ಹೊತ್ತಿಗೆ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಗಾದಾಗ ಕೊಯ್ಲು. ಅಪ್ಪ ಏಣಿ ಹತ್ತಿ ಕೊಯ್ದು ಹಾಕಿದ ಗೊಂಚಲುಗಳನ್ನು ಕಾಲಿನಿಂದ ತುಳಿದು ಕಾಳು ಬಿಡಿಸಿ, ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಅಂಗಳದಲ್ಲಿ ನಾಲ್ಕೈದು ದಿನ ಒಣಗಿಸಬೇಕು. ಕುದಿನೀರಿಗೆ ಅದ್ದಿದ ಕಾಳು ಒಂದೇ ಸಮನಾಗಿ ಕಪ್ಪಾಗುತ್ತದೆ, ಬೇಗ ಒಣಗುತ್ತದೆ. ಮೂರು ಸೇರು ಹಸಿಯ ಕಾಳು ಒಣಗಿ ಒಂದು ಸೇರಾಗುವುದನ್ನು ಕಂಡಾಗ ಮಕ್ಕಳಾದ ನಮಗೆ ಯಾರೋ ಕದ್ದರೆಂಬ ಅನುಮಾನ. ಕೇರಿ ತೂರಿದ ಮೇಲೆ ಗಟ್ಟಿ ಕಾಳು ಚೀಲಕ್ಕೆ, ಚೀಲ ಮಂಡಿಗೆ. ಹಗುರವಾದ ಜೊಳ್ಳು ಮತ್ತು ಬಳ್ಳಿಯ ಬುಡದಲ್ಲಿ ತಾನಾಗಿ ಉದುರಿದ ಕಾಳು, ಇವೆರಡು ಮಾತ್ರ ಅಜ್ಜಿಯ ಪಾಲು. ಆ ಪಾಲಿನಿಂದಲೇ ನಮ್ಮ ಮನೆಯ ಸಾರು, ಗೊಜ್ಜು, ಕೆಮ್ಮು, ನೆಗಡಿ, ಬಾಣಂತನ ಎಲ್ಲವೂ ನಡೆಯಬೇಕಾಗಿತ್ತು; ಕಾಫಿಯೂ.

ಕಾಫಿಯ ಪುಡಿಯನ್ನು ಮಾತ್ರ ರೊಕ್ಕ ಕೊಟ್ಟೇ ತರಬೇಕು. ಚಿಕೋರಿ ಬೆರೆತ ಆ ಪುಡಿಯನ್ನು ಅಜ್ಜಿ ಬೆಳಿಗ್ಗೆ ಒಮ್ಮೆ ಕುದಿಸಿ ಬಟ್ಟೆಯಲ್ಲಿ ಸೋಸುವಳು. ಅದು ಗಂಡಸರಿಗೆ, ಬಂದ ಅತಿಥಿಗಳಿಗೆ. ಅದೇ ಚರಟಕ್ಕೆ ಮತ್ತೆ ನೀರು ಹುಯ್ದು ಕುದಿಸಿದ್ದು ಹೆಂಗಸರಿಗೆ. ಮೂರನೆಯ ಸಲದ್ದು ಮಕ್ಕಳಿಗೆ ಮತ್ತು ಅಜ್ಜಿಗೆ. ಮೂರನೆಯ ಸಲದ ಆ ನೀರಿಗೆ ಬಣ್ಣವಿದ್ದರೂ ಕಸುವು ಇರುತ್ತಿರಲಿಲ್ಲ. ಆಗ ಅವಳು ಎಲೆಯಡಿಕೆ ಕುಟ್ಟುವ ತನ್ನ ಕುಟ್ಟಾಣಿಯನ್ನು ಸೆರಗಿನಿಂದ ಒರಸಿ, ನಾಲ್ಕು ಕಾಳು ಮೆಣಸನ್ನು ಜಜ್ಜಿ, ಬೆಲ್ಲದೊಡನೆ ಅದರಲ್ಲಿ ಹಾಕುವಳು. ಗಂಡಸರ ಕಾಫಿಗೆ ಮೆಣಸಿಲ್ಲ, ನಮ್ಮದಕ್ಕೆ ಉಂಟು ಎಂಬುದು ನಮಗೆ ಹೆಮ್ಮೆಯ ವಿಷಯವಾಗಿತ್ತು. ಮೆಣಸಿನ ಕಾಫಿ ಆರೋಗ್ಯಕ್ಕಾಗಿ ಹುಟ್ಟಿದ್ದೆಂದು ಈಗ ಹಲವರು ಹೇಳುವುದುಂಟು. ನಮ್ಮ ಮನೆಯ ಮಟ್ಟಿಗಂತೂ ಅದು ಹುಟ್ಟಿದ್ದು ಕಾಫಿಪುಡಿಯ ಅಭಾವದಿಂದ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಜೊಳ್ಳು ಮೆಣಸು ಮತ್ತು ಸತ್ತ್ವ ಹೋದ ಚರಟ, ಮಂಡಿಗೂ ಅತಿಥಿಗೂ ಬೇಡವಾದ ಎರಡು ವಸ್ತುಗಳನ್ನು ಕೂಡಿಸಿ ಆಕೆ ಮೂರನೆಯದೊಂದನ್ನು ಮಾಡಿದಳು.

ಔಷಧವೆಂಬ ಮಾತನ್ನು ಆಕೆ ಒಪ್ಪುತ್ತಿರಲಿಲ್ಲ. “ಔಷ್ದ ಅಂದ್ರೆ ಹುಡುಗ್ರು ಓಡ್ತಾವೆ, ಕಾಪಿ ಅಂದ್ರೆ ಕೇಳಿ ಕುಡೀತಾವೆ, ಸುಮ್ನಿರು” ಎಂದು ನನ್ನ ತಾಯಿಗೆ ಗದರಿಸಿದ್ದು ನೆನಪಿದೆ. ಮಳೆಗಾಲದಲ್ಲಿ ನಾಲ್ಕು ಕಾಳು ಆರಾಗುತ್ತಿದ್ದವು. ಜತೆಗೆ ಒಂದು ಚೂರು ಒಣಶುಂಠಿ. ಇದಕ್ಕೆ ಹಿಪ್ಪಲಿಯೊಂದು ಸೇರಿದರೆ ವೈದ್ಯರು ‘ತ್ರಿಕಟು’ ಎನ್ನುವ ಚೂರ್ಣವೇ ಆಗುತ್ತದೆಂದು ನಾನು ತಿಳಿದದ್ದು ಮುಂದೆ ವಿದ್ವತ್ ಪರೀಕ್ಷೆಗಾಗಿ ಓದುವಾಗ.

ಆ ಓದಿನಲ್ಲಿ ಅಮರಕೋಶವನ್ನು ಕಂಠಪಾಠ ಮಾಡುವಾಗ ಮೆಣಸಿನ ಹೆಸರುಗಳ ಬಳಿ ಬಂದು ನಿಂತದ್ದುಂಟು. ಮರಿಚ, ಕೋಲಕ, ಊಷಣ, ಧರ್ಮಪತ್ತನ ಮೊದಲಾಗಿ ಅಲ್ಲಿ ಹಲವಿವೆ. ಊಷಣವೆಂದರೆ ಸುಡುವಂಥದು. ಧರ್ಮಪತ್ತನವೆಂಬುದು ಒಂದು ಪಟ್ಟಣದ ಹೆಸರಿನಂತೆ ಕೇಳುತ್ತದೆ. ಸರಕಿಗೆ ಊರಿನ ಹೆಸರು ಅಂಟಿಕೊಳ್ಳುವುದು ವ್ಯಾಪಾರದಲ್ಲಿ ಹೊಸದಲ್ಲ. ಕನ್ನಡದ ‘ಮೆಣಸು’ ಮತ್ತು ತಮಿಳಿನ ‘ಮಿಳಗು’ ಒಡಹುಟ್ಟಿದ ಮಾತುಗಳು. ತಮಿಳರ ‘ಮಿಳಗುತಣ್ಣಿ’ಯನ್ನು ಇಂಗ್ಲಿಷರು ಕುಡಿದು, ನಾಲಗೆ ತಿರುಚಿ, ‘ಮಲ್ಲಿಗಟಾನಿ’ ಎಂದು ಹೆಸರಿಟ್ಟು ತಮ್ಮ ದೇಶಕ್ಕೆ ಕೊಂಡೊಯ್ದರು. ಇನ್ನು ನಮ್ಮ ‘ಮೆಣಸಿನಕಾಯಿ’ಯನ್ನು ನೋಡಿರಿ. ಅದು ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದದ್ದು. ಮೆಣಸಿನಂತೆ ಖಾರವಾದ ಕಾಯಿ ಎಂದು ನಮ್ಮವರು ಕರೆದರು. ಈಗ ಬರಿದೆ ‘ಮೆಣಸು’ ಎಂದರೆ ಹಲವು ಕಡೆ ಆ ಪರದೇಶಿಯನ್ನೇ ಕೊಡುತ್ತಾರೆ; ಮನೆಯ ಮಗಳು ತನ್ನ ಹೆಸರಿನ ಹಿಂದೆ ‘ಕರಿ’ ಎಂದೋ ‘ಕಾಳು’ ಎಂದೋ ಸೇರಿಸಿಕೊಂಡು ಪರಿಚಯ ಹೇಳಿಕೊಳ್ಳಬೇಕಾಗಿದೆ. ದಕ್ಷಿಣ ಕನ್ನಡದವರು ಮಾತ್ರ ನ್ಯಾಯವಂತರು. ಅವರು ಇದನ್ನು ‘ಒಳ್ಳೆಮೆಣಸು’ ಎನ್ನುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವಾಗಲಿ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾಗಲಿ ಮೆಣಸಿನಕಾಯಿಯನ್ನು ಅರಿಯವು. ಅಂದಿನ ಅಡಿಗೆಯ ಖಾರವೆಲ್ಲ ಈ ಒಳ್ಳೆಯದರದೇ.

ನಮ್ಮ ಮಕ್ಕಳನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋದಾಗಲೆಲ್ಲ ವರ್ತಕರ ಸಂಘಗಳ ವಿಷಯವನ್ನು ಹೇಳುತ್ತೇನೆ. ಅಯ್ಯಾವೊಳೆಯ ಐನೂರ್ವರು ಏಲಕ್ಕಿ, ಲವಂಗ, ಚಂದನ, ಕರ್ಪೂರ, ಕಸ್ತೂರಿಗಳನ್ನು ಹೇರಿಕೊಂಡು ದೇಶದೇಶಗಳಲ್ಲಿ ತಿರುಗಿದವರೆಂದು ಈ ತಾಲ್ಲೂಕಿನ ಶಾಸನ ಕೊಂಡಾಡುತ್ತದೆ. ಅಲ್ಲಿಯ ಕೋಡಿಯಮಠವನ್ನು 1162ರ ಶಾಸನ ವಿದ್ಯೆಯ ಸ್ಥಾನವೆಂದಷ್ಟೇ ಅಲ್ಲದೆ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುವ ಸ್ಥಳವೆಂದು ವರ್ಣಿಸಿದೆ. ಆ ಔಷಧಶಾಲೆಯಲ್ಲಿ ಮೆಣಸಿನ ಡಬ್ಬಿ ಇದ್ದಿರಲೇಬೇಕು ಎಂಬುದು ನನ್ನ ಊಹೆ. ಊಹೆಯೆಂದೇ ಮಕ್ಕಳಿಗೂ ಹೇಳುತ್ತೇನೆ.

ಮೆಣಸು ಮತ್ತು ಕಾಫಿ ಎರಡನ್ನೂ ಬರವಣಿಗೆಯಲ್ಲಿ ಮುಟ್ಟಿದ ಒಬ್ಬ ಪ್ರವಾಸಿ ನಮ್ಮ ಸೀಮೆಗೇ ಬಂದಿದ್ದನೆಂಬುದು ಬಹುಮಂದಿಗೆ ತಿಳಿಯದು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1615ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಿಂದ ತನ್ನ ಮಿತ್ರನಿಗೆ ಬರೆದ ಪತ್ರದಲ್ಲಿ, ತುರ್ಕರು ಕುಡಿಯುವ ಕಪ್ಪು ಪಾನೀಯವೊಂದನ್ನು ವಿವರಿಸಿದ. ಇಟಲಿಯವರಿಗೆ ಆಗ ಕಾಫಿ ಎಂಬುದೇ ಒಂದು ವಿಚಿತ್ರ ಸುದ್ದಿ. ಅದೇ ಮನುಷ್ಯ 1623ರಲ್ಲಿ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರದೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಆಳುತ್ತಿದ್ದವನು ಕೆಳದಿಯ ವೆಂಕಟಪ್ಪನಾಯಕ. ಪೋರ್ಚುಗೀಸರಿಗೆ ಈ ನಾಡಿನಿಂದ ಬೇಕಾಗಿದ್ದ ಮುಖ್ಯ ಸರಕು ಮೆಣಸು. ಅದಕ್ಕೂ ಮೊದಲು ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆಯುತ್ತಿದ್ದರು. ಇಕ್ಕೇರಿ ಸೊರಬಕ್ಕೆ ಎಷ್ಟು ದೂರ! ಕಾಫಿಯನ್ನು ಬಲ್ಲವನು ಮೆಣಸಿನ ತೋಟಗಳ ನಾಡಿಗೆ ಬಂದು ಹೋದ; ಆದರೆ ಕಾಫಿಯ ಬೀಜ ನಮ್ಮಲ್ಲಿ ಇನ್ನೂ ಬಿದ್ದಿರಲಿಲ್ಲ. ಬಾಬಾಬುಡನ್ ಅವರು ಯೆಮೆನ್ ದೇಶದ ಮೋಖಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ್ದು, ಐತಿಹ್ಯದ ಪ್ರಕಾರ, ಆ ಶತಮಾನದ ಉತ್ತರಾರ್ಧದಲ್ಲಿ. ಈ ಎರಡು ಗಿಡಗಳ ಸಮಾಗಮಕ್ಕೆ ಅರ್ಧ ಶತಮಾನ ಕಡಿಮೆಬಿದ್ದಿತು.

ಅವುಗಳ ಸಮಾಗಮ ನಮ್ಮ ಮನೆಯಲ್ಲಿ ಮಾತ್ರ ಆಯಿತೆಂದು ಬೀಗುವಂತಿಲ್ಲ. ತಮಿಳುನಾಡು, ಕೇರಳಗಳಲ್ಲಿ ಒಣಶುಂಠಿ, ಮೆಣಸು, ತಾಟಿಬೆಲ್ಲ ಹಾಕಿದ ‘ಚುಕ್ಕು ಕಾಪಿ’ ಇದೆ. ದೂರದ ಆಫ್ರಿಕದ ಸೆನೆಗಲ್ ದೇಶದಲ್ಲಿ ‘ಟೂಬಾ ಕಾಫಿ’ ಎಂಬುದುಂಟು. ಅದಕ್ಕೆ ಹಾಕುವುದು ಕರಿಮೆಣಸಲ್ಲ, ಅಲ್ಲಿಯ ಒಂದು ಮರದ ಖಾರವಾದ ಕಾಯಿ. ಅಮದು ಬಾಂಬ ಎಂಬ ಸೂಫಿ ಗುರುವಿನ ಪಂಥದವರು ಅದನ್ನು ಬಳಕೆಗೆ ತಂದರು; ಟೂಬಾ ಎಂಬುದು ಆ ಗುರುವಿನ ಪುಣ್ಯಕ್ಷೇತ್ರದ ಹೆಸರು. ಜಾತ್ರೆಗೆ ಬಂದವರಿಗೆಲ್ಲ ಅಲ್ಲಿ ಅದನ್ನು ಹಂಚುತ್ತಾರಂತೆ. ದಾಸೋಹವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಕಾರಿಪುರಕ್ಕೆ ನಾನು ಅಧ್ಯಾಪಕನಾಗಿ ಬಂದ ಮೇಲೆ ಮನೆಯಲ್ಲಿ ಎರಡು ಸಂಪ್ರದಾಯಗಳು ಎದುರುಬದುರಾದವು. ನನ್ನ ಧರ್ಮಪತ್ನಿಯ ತವರು ಈ ತಾಲ್ಲೂಕಿನ ಪೂರ್ವದ ಅಂಚಿನಲ್ಲಿದೆ. ಅಲ್ಲಿ ಚಹಾವೇ ಪ್ರಧಾನ. ಚಹಾಕ್ಕೆ ಶುಂಠಿ, ಏಲಕ್ಕಿ. “ಕಾಪಿಗೆ ಮೆಣಸು ಹಾಕೋದು ಅಂದ್ರೆ ಸಾರಿನ ಪುಡಿ ಏನ್ ಪಾಪ ಮಾಡೈತಿ?” ಎಂದು ಆಕೆ ಮೊದಲ ವಾರದಲ್ಲಿಯೇ ಕೇಳಿದಳು. ವಾದದಲ್ಲಿ ನಾನು ಗೆಲ್ಲಲಿಲ್ಲ, ಶ್ರಾವಣಮಾಸ ಗೆದ್ದಿತು. ಮಠದಲ್ಲಿ ಶ್ರಾವಣದ ಪುರಾಣ ಹೇಳುವ ಭಾರ ಆ ವರ್ಷ ನನ್ನ ಪಾಲಿಗೆ ಬಂದಿತ್ತು. ಕುಮುದ್ವತಿ ತುಂಬಿ ಹರಿಯುವ ದಿನಗಳು, ಬಿಡದ ಜಡಿಮಳೆ. ಪ್ರತಿರಾತ್ರಿಯೂ ಎರಡು ಗಂಟೆ ಷಟ್ಪದಿಗಳನ್ನು ರಾಗವಾಗಿ ಓದಿ ಅರ್ಥ ಹೇಳಬೇಕು. ಎಂಟನೆಯ ದಿನಕ್ಕೆ ಗಂಟಲು ಕಟ್ಟಿತು. ಅಂದು ಸಂಜೆ ಆಕೆಯೇ ಏನನ್ನೂ ಕೇಳದೆ ಮೆಣಸಿನ ಕಾಫಿಯನ್ನು ತಂದು ಮುಂದಿಟ್ಟಳು. ಗಂಟಲು ಪೂರ್ಣ ವಾಸಿಯಾಯಿತೆಂದು ಹೇಳಲಾರೆ. ಕಫ ಸಡಿಲಾಗಿ ಆ ರಾತ್ರಿಯ ಸಂಧಿ ಮುಗಿಯಿತು. ಅಲ್ಲಿಂದೀಚೆಗೆ ಎಷ್ಟು ಕಾಳು ಎಂಬುದೊಂದೇ ನಮ್ಮೊಳಗಿನ ಚರ್ಚೆ.

ವಿಜ್ಞಾನದ ಅಧ್ಯಾಪಕ ಮಿತ್ರರೊಬ್ಬರು ತಿಳಿಸಿದ ಸಂಗತಿಯೊಂದು ಬಹಳ ಸೊಗಸಾಗಿದೆ. ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಎಂಬ ವಸ್ತುವನ್ನು ಡೆನ್ಮಾರ್ಕಿನ ಅರ್ಸ್ಟೆಡ್ ಬೇರ್ಪಡಿಸಿದ್ದು 1819ರಲ್ಲಿ. ಕಾಫಿಯ ಚೇತನಕ್ಕೆ ಕಾರಣವಾದ ಕೆಫೀನನ್ನು ಜರ್ಮನಿಯ ರುಂಗೆ ಬೇರ್ಪಡಿಸಿದ್ದೂ ಅದೇ ವರ್ಷದಲ್ಲಿ. ರುಂಗೆಯ ಕೈಗೆ ಕಾಫಿಯ ಬೀಜಗಳನ್ನಿತ್ತು, ಇವನ್ನು ಪರೀಕ್ಷಿಸು ಎಂದವನು ಬೇರಾರೂ ಅಲ್ಲ, ಮಹಾಕವಿ ಗಯಟೆ. ಸಾಹಿತ್ಯದಿಂದ ಲೋಕಕ್ಕೇನು ಉಪಯೋಗವೆಂದು ಕೇಳುವವರಿಗೆ ನಾನು ಇತ್ತೀಚೆಗೆ ಈ ಕಥೆಯನ್ನು ಹೇಳಿ ಸುಮ್ಮನಾಗುತ್ತೇನೆ.

ಇನ್ನು ಬರೆಯಬೇಕಾದದ್ದು ನನ್ನ ಅವ್ವನ ವಿಷಯ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿ ಹರಡತೊಡಗಿದಾಗ ಕೇಂದ್ರದ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಬಹುದೆಂದು ಸಲಹೆ ಕೊಟ್ಟಿತು. ಒಂದೆರಡು ಸಲವೆಂಬುದನ್ನು ಜನ ಆರೆಂಟು ಸಲ ಮಾಡಿಕೊಂಡು ಎದೆಯುರಿ ತರಿಸಿಕೊಂಡದ್ದೂ ಉಂಟು. ಮೆಣಸಿನ ಕಾಫಿ ಕುಡಿಯುವ ಮನೆಗೆ ಆ ವ್ಯಾಧಿ ಬಾರದೆಂದು ಕೆಲವರು ಹೇಳಿದರು. ಬಂದಿತು. 2021ರ ಮೇ ತಿಂಗಳಲ್ಲಿ, ಶಾಲೆಗೆ ಬೀಗ ಬಿದ್ದಿದ್ದ ದಿನಗಳಲ್ಲಿ, ಎಪ್ಪತ್ತೆಂಟು ವರ್ಷದ ಅವ್ವ ಹಾಸಿಗೆ ಹಿಡಿದಳು. ಜ್ವರ ಹನ್ನೊಂದು ದಿನಕ್ಕೆ ಇಳಿಯಿತು. ಉಸಿರಿಗೆ ತೊಂದರೆಯಾಗಲಿಲ್ಲ. ಆದರೆ ವಾಸನೆ ಹೋಯಿತು. ವಾಸನೆಯೊಡನೆ ಊಟವೂ ಹೋಯಿತು.

ರುಚಿಯೆಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಮೂಗಿನದು ಎಂಬುದು ನಮಗೆ ಆಗ ತಿಳಿಯಿತು. ಅಕ್ಕಿರೊಟ್ಟಿಯನ್ನು ಬಾಯಿಗಿಟ್ಟು “ಕಾಗದ ಅಗಿದಂಗಾಗತೈತಿ” ಎಂದಳು. ಹಾಲು, ತುಪ್ಪ, ಮಾವಿನಹಣ್ಣು ಯಾವುದೂ ಬೇಡ. ಜೀವಮಾನವೆಲ್ಲ ಬೆಳಗಿನ ಸ್ನಾನ, ಲಿಂಗಪೂಜೆ ಮುಗಿದೊಡನೆ ಕಾಫಿಗಾಗಿ ಕೈ ನೀಡಿದವಳು, ಲೋಟವನ್ನು ಮೂಗಿನ ಬಳಿ ಹಿಡಿದು ನೋಡಿ ಹಾಗೆಯೇ ಕೆಳಗಿಟ್ಟಳು. “ಬಿಸಿನೀರು, ಕಹಿ ಐತಿ ಅಷ್ಟೇ.” ಮೂರು ವಾರಗಳಲ್ಲಿ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಏನಾದರೂ ಮಾಡಿ ಹೊಟ್ಟೆಗೆ ಹಾಕಿರಿ, ಔಷಧ ಅದೇ, ಎಂದು ವೈದ್ಯರು ದೂರವಾಣಿಯಲ್ಲಿ ಹೇಳಿದರು. ಹೇಗೆಂಬುದನ್ನು ಅವರಾದರೂ ಹೇಗೆ ಹೇಳಿಯಾರು!

ಅವ್ವನಿಗೆಂದು ಖಾರವಿಲ್ಲದ ಪಥ್ಯದ ಕಾಫಿಯನ್ನು ಬೇರೆಯಾಗಿ ಮಾಡುತ್ತಿದ್ದೆವು. ಒಂದು ದಿನ ಲೋಟಗಳು ಅದಲುಬದಲಾಗಿ, ನನ್ನ ಪಾಲಿನ ಮೆಣಸಿನ ಕಾಫಿ ಅವಳ ಕೈಗೆ ಹೋಯಿತು. ಒಂದು ಗುಟುಕು ಕುಡಿದವಳು ಮತ್ತೊಂದು ಕುಡಿದಳು. ನನ್ನವಳು ಗಾಬರಿಯಿಂದ “ಅತ್ತೀ, ಅದು ಖಾರದ್ದು, ಬಿಡ್ರಿ” ಎಂದಾಗ, ಅವ್ವ ಲೋಟವನ್ನು ಎರಡು ಕೈಗಳಲ್ಲಿಯೂ ಹಿಡಿದುಕೊಂಡು, “ಗೊತ್ತಾಗತೈತಿ, ಇರ್ಲಿ ಬಿಡವ್ವಾ” ಎಂದಳು.

ಇದರ ಕಾರಣವನ್ನು ಆ ಮೇಲೆ ತಿಳಿದುಕೊಂಡೆ. ಸಿಹಿ, ಹುಳಿ, ಉಪ್ಪು, ಕಹಿಗಳನ್ನು ಅರಿಯುವುದು ನಾಲಗೆ. ಪರಿಮಳವನ್ನು ಅರಿಯುವುದು ಮೂಗು. ಖಾರ ಇವೆರಡರ ಅಧೀನದಲ್ಲಿಯೂ ಇಲ್ಲ. ಮುಖದ ಸ್ಪರ್ಶ, ಬಿಸಿ, ನೋವುಗಳನ್ನು ಮಿದುಳಿಗೆ ಮುಟ್ಟಿಸುವ ಬೇರೊಂದು ನರವುಂಟು. ಪೈಪರೀನ್ ತಟ್ಟುವುದು ಅದರ ಬಾಗಿಲನ್ನು. ಆದ್ದರಿಂದಲೇ ಆಧುನಿಕ ವಿಜ್ಞಾನ ಖಾರವನ್ನು ರುಚಿಗಳ ಪಟ್ಟಿಗೆ ಸೇರಿಸುವುದಿಲ್ಲ. ನಮ್ಮ ಆಯುರ್ವೇದ ಕಟುವನ್ನು ಆರರಲ್ಲಿ ಒಂದಾಗಿ ಎಣಿಸುತ್ತದೆ. ಸೌಮ್ಯವಾದ ದ್ವಾರಗಳೆಲ್ಲ ಮುಚ್ಚಿದ್ದ ಅವ್ವನ ಬಾಯಿಗೆ ಈ ಒಂದು ಬಾಗಿಲು ತೆರೆದಿತ್ತು. ಮೆಣಸಿನ ಕಾಫಿ ಕುಡಿದ ಬಿಸಿಗೆ, ಅದರ ಬೆನ್ನಲ್ಲಿಯೇ, ಅರ್ಧ ರೊಟ್ಟಿ ಒಳಗೆ ಹೋಗುತ್ತಿತ್ತು. ನಾವು ರೊಟ್ಟಿಯ ಹಿಟ್ಟಿಗೂ ಮೆಣಸು ಹಾಕಿದೆವು, ಅನ್ನಕ್ಕೆ ಮೆಣಸಿನ ಸಾರು ಮಾಡಿದೆವು. ಜುಲೈ ಕೊನೆಯ ಹೊತ್ತಿಗೆ ಬಳೆಗಳು ಮಣಿಕಟ್ಟಿನ ಬಳಿ ನಿಂತವು. ವಾಸನೆ ಮಾತ್ರ ಪೂರ್ತಿ ಮರಳಲಿಲ್ಲ. ಮುಂದೆ ಎರಡು ವರ್ಷ ಬದುಕಿದಳು. ಕಾಫಿಯ ಘಮವನ್ನು ಅವಳು ಮತ್ತೆ ಕಂಡಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾಲ್ಕು ಕಾಳು ಕಡಿಮೆಯಾದರೆ ಮಾತ್ರ ಕೂಗಿ ಹೇಳುತ್ತಿದ್ದಳು.

ಇದನ್ನು ಓದಿ ಎಲ್ಲರೂ ನಾಳೆಯೇ ಕುಟ್ಟಾಣಿ ಹಿಡಿಯಬೇಕಾಗಿಲ್ಲ. ಹುಳಿತೇಗು, ಎದೆಯುರಿ, ಹೊಟ್ಟೆಹುಣ್ಣು ಉಳ್ಳವರಿಗೆ ಕಾಫಿಯೂ ಮೆಣಸೂ ಒಟ್ಟಾಗಿ ಹಿತವಲ್ಲ. ನಿತ್ಯ ಗುಳಿಗೆ ನುಂಗುವವರು ವೈದ್ಯರನ್ನು ಕೇಳುವುದು ಲೇಸು. ಏಕೆಂದರೆ ಪೈಪರೀನ್ ಕೆಲವು ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸುತ್ತದೆ. ಅರಿಸಿನದ ಸತ್ತ್ವದೊಡನೆ ಅತ್ಯಲ್ಪ ಪೈಪರೀನ್ ಕೊಟ್ಟಾಗ ಅದು ಮನುಷ್ಯರ ರಕ್ತದಲ್ಲಿ ಇಪ್ಪತ್ತು ಪಟ್ಟು ಹೆಚ್ಚು ದೊರಕಿತೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ್ದಾರೆ. ಅರಿಸಿನಕ್ಕೆ ಅದು ಒಳ್ಳೆಯದು. ಎಲ್ಲ ಗುಳಿಗೆಗೂ ಒಳ್ಳೆಯದಾಗಬೇಕೆಂದಿಲ್ಲ.

ಮಾಡುವ ಕ್ರಮವನ್ನು ಕೇಳುವವರಿಗಾಗಿ ಬರೆಯುತ್ತೇನೆ. ಲೋಟವೊಂದಕ್ಕೆ ಮೂರೋ ನಾಲ್ಕೋ ಕಾಳು. ನುಣ್ಣಗೆ ಪುಡಿಮಾಡಿದರೆ ತಳದಲ್ಲಿ ಕೆಸರಾಗುತ್ತದೆ, ಜಜ್ಜಿದರೆ ಸಾಕು. ಹಿಂದಿನ ದಿನವೇ ಪುಡಿಮಾಡಿ ಇಡಬಾರದು. ಮೆಣಸಿನ ಘಮ ಆರಿಹೋಗುವ ಎಣ್ಣೆಯಲ್ಲಿದೆ. ಬಹಳ ಹೊತ್ತು ಕುದಿಸಿದರೆ ಘಮ ಹೋಗಿ ಬರಿಯ ಉರಿ ಉಳಿಯುತ್ತದೆ. ಆದ್ದರಿಂದ ಕಾಫಿಪುಡಿಯೊಡನೆಯೇ ಹಾಕಿ, ಒಂದು ಕುದಿ ಬಂದೊಡನೆ ಇಳಿಸಿ, ಮುಚ್ಚಿಟ್ಟು ಸೋಸಬೇಕು. ಪೈಪರೀನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಲು ಹಾಕಿದ ಕಾಫಿಯಲ್ಲಿ ಖಾರ ಮೆತ್ತಗಾಗಿ ಹರಡುವುದು ಇದರಿಂದ. ಬೆಲ್ಲ ಹಾಕುವವರು ಒಲೆಯಿಂದ ಇಳಿಸಿದ ಮೇಲೆಯೇ ಹಾಲು ಬೆರೆಸಬೇಕು, ಇಲ್ಲವಾದರೆ ಒಡೆಯುತ್ತದೆ. ಅಂಗಡಿಯ ಮೆಣಸಾದರೆ ಒಂದು ಹಿಡಿಯನ್ನು ನೀರಿಗೆ ಹಾಕಿ ನೋಡಿರಿ. ಒಳ್ಳೆಯ ಕಾಳು ಮುಳುಗುತ್ತದೆ, ಒಣಗಿಸಿ ಬೆರೆಸಿದ ಪರಂಗಿಯ ಬೀಜ ತೇಲುತ್ತದೆ.

ಊರಿನ ತೋಟವನ್ನು ಈಗ ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಅಜ್ಜಿಯ ಕಾಲದ ಮಲ್ಲಿಗೆಸರ ತಳಿಯ ಬಳ್ಳಿಗಳು ಒಂದು ಮಳೆಗಾಲದಲ್ಲಿ ಸೊರಗು ರೋಗ ತಗಲಿ, ಎಲೆ ಕಪ್ಪಾಗಿ ಉದುರಿ, ಮೂರು ವಾರದೊಳಗೆ ಹಗ್ಗದಂತೆ ಒಣಗಿದವು. ಬಳಿಕ ಅವನು 1971ರಲ್ಲಿ ಕೇರಳದಲ್ಲಿ ಬಿಡುಗಡೆಯಾದ ಪಣಿಯೂರು ತಳಿಯನ್ನು ನೆಟ್ಟ. ಅದರ ಗೊಂಚಲು ಗೇಣುದ್ದ, ಕಾಳು ದಪ್ಪ. ಮಳೆಗೆ ಮುಂಚೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣವನ್ನು ತಪ್ಪದೆ ಸಿಂಪಡಿಸುತ್ತಾನೆ. ತೋಟದ ಮೂಲೆಯ ಒಂದು ಮರದಲ್ಲಿ ಮಾತ್ರ ಹಳೆಯ ಬಳ್ಳಿಯೊಂದು ಹೇಗೋ ಉಳಿದುಕೊಂಡಿದೆ. ಈ ಸಲದ ಕೊಯ್ಲಿನಲ್ಲಿ ಅದರಿಂದ ಒಣಗಿದ ಕಾಳು ಮುಕ್ಕಾಲು ಸೇರು ಬಂದಿತು. ಮಂಡಿಗೆ ಹಾಕಲು ಅದು ಸಾಲದು. ತಮ್ಮ ಅದನ್ನು ಪೊಟ್ಟಣ ಕಟ್ಟಿ, ಮೊನ್ನೆ ಶಿಕಾರಿಪುರಕ್ಕೆ ಬಂದಾಗ ನಮ್ಮ ಮನೆಯಲ್ಲಿ ಇಟ್ಟುಹೋದ.